ನುಸಿಯ ವೇಳೆ ತಪ್ಪಿಸಿ ಹೊಲದೂಟ

ಜತ್ತ ತಾಲೂಕು ಎಂದರೆ ಬರಗಾಲದ ಸೀಮೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಹ್ಯಾದ್ರಿ ಮಳೆಯನ್ನೆಲ್ಲ ತಾನೇ ಹಿಡಿದಿಟ್ಟುಕೊಂಡು ನಮ್ಮ ಕಡೆಗೆ ಬರೀ ಗಾಳಿ ಕಳಿಸುತ್ತದೆ. ಹೀಗಾಗಿ ದೂರದ ಬೀಗರು, "ನಿಮ್ಮ ಒಣ ನೆಲದಲ್ಲಿ ನುಸಿಯ ಕಾಟ ಎಲ್ಲಿಂದ ಬರಬೇಕು?" ಎಂದು ಕೇಳುವುದುಂಟು. ಶೀಗಿ ಹುಣ್ಣಿಮೆಯ ಸುಮಾರಿಗೆ ಸಂಖ, ಉಮದಿ, ಮಾಡಗ್ಯಾಳ ಕಡೆಯ ಹಳ್ಳದ ದಂಡೆಯಲ್ಲಿ ಸಂಜೆ ಅರ್ಧ ತಾಸು ಕುಳಿತವರು ಈ ಪ್ರಶ್ನೆ ಕೇಳಲಾರರು.

ನಮ್ಮಲ್ಲಿ ಜೂನದಿಂದ ಆಗಸ್ಟವರೆಗೆ ಪಡುವಣ ಗಾಳಿ ಜೋರು. ಢಾಲಗಾಂವ ಕಡೆಯ ದಿಬ್ಬಗಳ ಮೇಲಿನ ಗಾಳಿಯಂತ್ರಗಳು ಭರದಿಂದ ತಿರುಗುವ ಕಾಲವದು. ದೊಡ್ಡ ಮಳೆ ಬಹುತೇಕ ಸಪ್ಟೆಂಬರದಲ್ಲಿ ಬರುತ್ತದೆ. ಅದೇ ಸುಮಾರಿಗೆ ಗಾಳಿಯೂ ಬೀಳುತ್ತದೆ. ನೆಲ ಹಸಿ, ಗಾಳಿ ಸ್ತಬ್ಧ, ಇವೆರಡೂ ಕೂಡಿದಾಗ ನುಸಿ ಏಳುತ್ತದೆ.

ಇದು ಸೊಳ್ಳೆಯಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಮಿಜ್ ಎನ್ನುತ್ತಾರೆ. ಒಂದರಿಂದ ಮೂರು ಮಿಲಿಮೀಟರಿನಷ್ಟು ಚಿಕ್ಕದು. ಸಾದಾ ಸೊಳ್ಳೆಪರದೆಯ ಕಣ್ಣಿನಲ್ಲಿ ಸಲೀಸಾಗಿ ತೂರುತ್ತದೆ. ಕಚ್ಚುವುದು ಹೆಣ್ಣು ಮಾತ್ರ. ಸಗಣಿ ಬೆರೆತ ಕೆಸರು, ದನಗಳ ನೀರಿನ ಬಾನಿಯ ಸುತ್ತಲಿನ ರಾಡಿ, ಕೆರೆಯ ಅಂಚು ಇದರ ಹುಟ್ಟುನೆಲೆ. ಹಾರುವ ಶಕ್ತಿ ಕಡಿಮೆ. ಹುಟ್ಟಿದ ಜಾಗದ ಆಸುಪಾಸಿನಲ್ಲೇ ಸುಳಿದಾಡುತ್ತದೆ. ಸಣ್ಣ ಗಾಳಿ ಬೀಸಿದರೂ ಕೂತುಬಿಡುತ್ತದೆ. ಇದರ ಭರ ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ. ಸುಡುವ ಬಿಸಿಲು ಇದಕ್ಕೆ ಆಗಿಬರದು.

ನಮ್ಮ ತಾಲೂಕಿನ ಮಾಡಗ್ಯಾಳ ಕುರಿಗೆ ಮಹಾರಾಷ್ಟ್ರದಲ್ಲೆಲ್ಲ ಹೆಸರಿದೆ. ಬಿಳಿ ಮೈ, ಕಂದು ಮಚ್ಚೆ, ಗಿಳಿಮೂಗು. ಕುರಿಗಳಿಗೆ ನೀಲಿನಾಲಿಗೆ ರೋಗ ತರುವುದು ಇದೇ ಜಾತಿಯ ನುಸಿ. ಬಾಯಿ ಬಾತು, ಮೂಗು ಸೋರಿ, ಗೊರಸು ನೊಂದು ಕುರಿ ಕುಂಟುತ್ತದೆ. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಈಗ ಕುರಿಗಳಿಗೆ ಲಸಿಕೆಯೂ ಇದೆ. ಆದರೂ ಕುರಿ ಬಿದ್ದ ವರ್ಷ ನಮ್ಮ ಅಂಗಡಿಗಳ ಉದ್ರಿ ಖಾತೆಯೂ ಬೀಳುತ್ತದೆ ಎಂಬುದು ವ್ಯಾಪಾರಸ್ಥರಿಗೆ ಬೇರೆ ಹೇಳಬೇಕಿಲ್ಲ. ತಿಳಿದ ಕುರಿಗಾರರು ಆ ದಿನಗಳಲ್ಲಿ ರಾತ್ರಿ ಹಟ್ಟಿಯನ್ನು ತಗ್ಗಿನಿಂದ ದಿಬ್ಬಕ್ಕೆ ಒಯ್ಯುತ್ತಾರೆ. ನಾವು ಕಲಿಯಬೇಕಾದ ಪಾಠ ಅದೇ.

ಕೆಲವು ವರ್ಷಗಳ ಹಿಂದೆ ಶೀಗಿ ಹುಣ್ಣಿಮೆಗೆ ಹಳೆಯ ಗಿರಾಕಿಯೊಬ್ಬರು ನಮ್ಮ ಮನೆಯವರನ್ನೆಲ್ಲ ಚರಗಕ್ಕೆ ಕರೆದಿದ್ದರು. ಪುಣೆಯಿಂದ ಬರುವ ಮಗಳ ಗಾಡಿ ದಾರಿಯಲ್ಲಿ ಕೆಟ್ಟು, ಎಲ್ಲರೂ ಕೂಡುವಷ್ಟರಲ್ಲಿ ಹೊತ್ತು ಇಳಿಯಿತು. ಪಂಕ್ತಿ ಹಾಸಿದ್ದು ಹಳ್ಳದ ಮಗ್ಗುಲು, ಪಕ್ಕದಲ್ಲೇ ಕುರಿಹಟ್ಟಿ. ಮೊಮ್ಮಗಳ ಕಾಲು ಮೊಣಕಾಲಿನವರೆಗೆ ಕೆಂಪು ಗಂಟುಗಟ್ಟಿತು, ರಾತ್ರಿ ಜ್ವರ ಬಂತು. ವೈದ್ಯರ ಔಷಧದಿಂದ ನಾಲ್ಕು ದಿನದಲ್ಲಿ ಇಳಿಯಿತು. ಆದರೆ ಮಗಳು, "ಇನ್ನು ಮಕ್ಕಳನ್ನು ಹೊಲಕ್ಕೆ ಕರೆತರುವುದಿಲ್ಲ" ಎಂದಳು. ನನಗೆ ಕಳವಳವಾದದ್ದು ಆ ಮಾತಿಗೆ. ನುಸಿ ಕಚ್ಚಿದ ಗಂಟು ಇಳಿದೀತು. ಪಟ್ಟಣದ ಮಕ್ಕಳಿಗೆ ಜೋಳದ ಹೊಲದ ದಾರಿ ಒಮ್ಮೆ ತಪ್ಪಿದರೆ ಮರಳಿ ಹತ್ತುವುದು ಕಠಿಣ.

ಮರುವರ್ಷದಿಂದ ವೇಳೆ ಬದಲಾಯಿಸಿದೆವು. ನಸುಕಿನಲ್ಲಲ್ಲ, ಬಿಸಿಲೇರಿದ ಮೇಲೆ ಮನೆ ಬಿಡುವುದು. ಪಂಕ್ತಿ ಹಳ್ಳದಿಂದ, ಹಟ್ಟಿಯಿಂದ ದೂರ, ಗಾಳಿಯಾಡುವ ದಿಬ್ಬದ ಮೇಲೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವುದು ನಮ್ಮ ಮನೆತನಗಳ ಪದ್ಧತಿ. ಹೊಲದಲ್ಲಿ ಅದನ್ನು ಇನ್ನೂ ಎರಡು ತಾಸು ಮುಂಚೆ ಮಾಡಿ ಪಾತ್ರೆ ಕಟ್ಟಿಬಿಡುವುದು. ಮಕ್ಕಳಿಗೆ ತಿಳಿಬಣ್ಣದ ತುಂಬುತೋಳಿನ ಅಂಗಿ, ಪೈಜಾಮ, ಕಾಲುಚೀಲ. ಕಚ್ಚಿದರೆ ಕೆರೆಯದೆ ತಣ್ಣೀರಿನ ಬಟ್ಟೆ ಇಡುವುದು. ಬಾವು ಏರಿದರೆ ವೈದ್ಯರಲ್ಲಿಗೆ. ಮಗಳು ಮತ್ತೆ ಬರತೊಡಗಿದ್ದಾಳೆ.

ಸ್ಕಾಟ್ಲೆಂಡಿನ ಬೆಟ್ಟದ ಕಣಿವೆಗಳಲ್ಲಿ ಬೇಸಿಗೆ ತುಂಬ ಈ ನುಸಿಯದೇ ರಾಜ್ಯ. ಅಲ್ಲಿ ಹವಾಮಾನದಂತೆ ನುಸಿಯ ಮುನ್ಸೂಚನೆಯನ್ನೂ 1ರಿಂದ 5ರ ಅಳತೆಯಲ್ಲಿ ಪ್ರಕಟಿಸುತ್ತಾರೆ. ಚಾರಣಿಗರು ಅದನ್ನು ನೋಡಿ ಹೊರಡುತ್ತಾರೆ. ನಮಗೆ ಮರದ ಎಲೆ ಸಾಕು. ಸಂಜೆ ಎಲೆ ಅಲುಗದಿದ್ದರೆ ಗಂಟುಮೂಟೆ ಕಟ್ಟಬೇಕು.

ಔಷಧ ಹೊಡೆಸೋಣ ಎನ್ನುವವರೂ ಇದ್ದಾರೆ. ನುಸಿಯ ಮರಿ ಇರುವುದು ಕೆಸರಿನಲ್ಲಿ. ಬಯಲಿಗೆ ಹೊಡೆದ ಔಷಧದಿಂದ ಜೇನಿನಂಥ ನಿರಪರಾಧಿ ಜೀವಗಳೇ ಹೆಚ್ಚು ಸಾಯುತ್ತವೆ. ಮುನಿಗಳು ಸಹಿಸಬೇಕಾದ 22 ಪರೀಷಹಗಳಲ್ಲಿ ದಂಶಮಶಕವೂ ಒಂದು ಎಂದು ತತ್ತ್ವಾರ್ಥಸೂತ್ರ ಎಣಿಸಿದೆ. ಅಷ್ಟು ಸಹನೆಯನ್ನು ಎಳೆಯ ಮಕ್ಕಳಿಂದ ಕೇಳುವುದು ಸಲ್ಲದು. ಕೊಲ್ಲದೆ, ಕಚ್ಚಿಸಿಕೊಳ್ಳದೆ ವೇಳೆ ನೋಡಿ ನಡೆಯುವುದು ಸಂಸಾರಿಗಳಿಗೆ ಸಾಧ್ಯವಾದ ದಾರಿ.

ಎಳ್ಳಮಾವಾಸ್ಯೆಯ ಹೊತ್ತಿಗೆ ಚಳಿ ಬಿದ್ದು ನೆಲ ಒಣಗಿರುತ್ತದೆ, ನುಸಿಯೂ ಕಡಿಮೆ. ಆದ್ದರಿಂದ ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಮಧ್ಯಾಹ್ನವಷ್ಟೇ ಕಳೆಯಿರಿ. ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ದಿನವಿಡೀ ಇರಿ. ಮೊಮ್ಮಕ್ಕಳನ್ನು ಮಾತ್ರ ಎರಡಕ್ಕೂ ಕರೆದೊಯ್ಯಿರಿ.