ಅಪ್ಪನ ಹೈಡ್ರೋಮೀಟರ್

ಹರಿಹರದ ಪಿ.ಬಿ. ರಸ್ತೆಯಲ್ಲಿ ಅಪ್ಪನ ಬ್ಯಾಟರಿ ಅಂಗಡಿ ಇತ್ತು. ಅಂಗಡಿ ಅಂದರೆ ತಗಡಿನ ಶೆಡ್ಡು, ಒಂದು ಮರದ ಬೆಂಚು, ಗೋಡೆಗೆ ಹೊಡೆದ ಚಾರ್ಜರು, ಮೂಲೆಯಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನುಗಳು. ಬರುತ್ತಿದ್ದದ್ದು ಹೆಚ್ಚಾಗಿ ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿ. 1987ರಲ್ಲಿ ಟೀವಿಯಲ್ಲಿ ರಾಮಾಯಣ ಶುರುವಾದ ಮೇಲೆ ಸುತ್ತಲ ಹಳ್ಳಿಯವರು ಶನಿವಾರವೇ ಸೈಕಲ್ಲಿನ ಕ್ಯಾರಿಯರಿಗೆ ಬ್ಯಾಟರಿ ಕಟ್ಟಿಕೊಂಡು ಬರುತ್ತಿದ್ದರು. ಭಾನುವಾರ ಕರೆಂಟು ಕೈಕೊಟ್ಟರೆ ಇಡೀ ಓಣಿಯೇ ಅವರನ್ನು ಬೈಯುತ್ತಿತ್ತಂತೆ. ಅಪ್ಪನ ಅಂಗಿಗಳಲ್ಲಿ ಆಸಿಡ್ಡಿನ ತೂತು ಇಲ್ಲದ್ದು ಒಂದೂ ಇರಲಿಲ್ಲ. ಮದುವೆಗೆಂದು ಎತ್ತಿಟ್ಟ ಬಿಳಿ ಅಂಗಿಗೂ ಅವ್ವ ತೇಪೆ ಹಾಕಿದ್ದಳು.

ಅವನದೊಂದು ಹಟವಿತ್ತು. ಚಾರ್ಜಿನಿಂದ ಬಿಚ್ಚಿದ ಬ್ಯಾಟರಿಯನ್ನು ಎರಡು ತಾಸು ಸುಮ್ಮನೆ ಬಿಡದೆ ಅಳೆಯುತ್ತಿರಲಿಲ್ಲ. ಗಿರಾಕಿ ಅವಸರ ಮಾಡಿದರೆ, "ಈಗಷ್ಟೇ ಉಂಡೋನ ಹೊಟ್ಟೆ ನೋಡಿ ಆಳು ಗಟ್ಟಿ ಅದಾನೆ ಅನ್ಬಾರ್ದಪ, ತಡಿ" ಅನ್ನುತ್ತಿದ್ದ. ಆಮೇಲೆ ಮುಚ್ಚಳ ತೆಗೆದು, ಗಾಜಿನ ಹೈಡ್ರೋಮೀಟರಿನ ರಬ್ಬರು ಬುರುಡೆ ಹಿಸುಕಿ ಆಸಿಡ್ ಎಳೆಯುತ್ತಿದ್ದ. ಒಳಗಿನ ತೇಲುವ ಕಡ್ಡಿ 1250ರ ಆಸುಪಾಸು ನಿಂತರೆ ತುಂಬಿದೆ. 1150ಕ್ಕೆ ಇಳಿದರೆ ಮುಗಿಯಿತು. ಆರೂ ಮನೆಗಳನ್ನು ಹೀಗೆ ಒಂದೊಂದಾಗಿ ನೋಡುತ್ತಿದ್ದ. ನನಗದು ಕಾಲಹರಣ ಅನಿಸುತ್ತಿತ್ತು. ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟರೆ ಎರಡು ಸೆಕೆಂಡಿನ ಕೆಲಸ.

ಐಟಿಐ ಮುಗಿಸಿದವನು ಅಂಗಡಿಯಲ್ಲಿ ಕೂರಲಿಲ್ಲ. ಗೋವಾಕ್ಕೆ ಹೋದೆ. ಅಲ್ಲಿ ಇಲ್ಲಿ ವೈರಿಂಗ್ ಮಾಡುತ್ತಾ ಮಾಂಡವಿ ನದಿಯ ದಂಡೆಯಲ್ಲಿ ದೋಣಿಗಳ ಎಲೆಕ್ಟ್ರಿಕಲ್ ಕೆಲಸಕ್ಕೆ ಅಂಟಿಕೊಂಡೆ. ತುಂಗಭದ್ರೆಯ ತೆಪ್ಪ ಬಿಟ್ಟರೆ ಬೇರೆ ದೋಣಿ ಹತ್ತಿ ಗೊತ್ತಿರದವನು ನಾನು. ಅಪ್ಪ ಏನೂ ಅನ್ನಲಿಲ್ಲ. ಏನೂ ಅನ್ನದಿರುವುದೇ ಅವನ ಸಿಟ್ಟು.

ಹಾಯಿದೋಣಿಯನ್ನು ಎಳೆಯುವುದು ಗಾಳಿ. ಹಾಗಾದರೆ ಕರೆಂಟು ಯಾಕೆ ಅಂತ ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಜಿಪಿಎಸ್, ಆಳ ಅಳೆಯುವ ಯಂತ್ರ, ರೇಡಿಯೊ, ತಾನೇ ಚುಕ್ಕಾಣಿ ಹಿಡಿಯುವ ಆಟೊಪೈಲಟ್, ಫ್ರಿಜ್ಜು, ಕತ್ತಲಾದ ಮೇಲೆ ದೀಪಗಳು: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ಇಷ್ಟೂ 12 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯಬೇಕು. ನಡು ಸಮುದ್ರದಲ್ಲಿ ಲೈನ್‌ಮ್ಯಾನ್ ಇಲ್ಲ. ಹಾಗಾಗಿ ಸೋಲಾರ್. ನೂರು ವ್ಯಾಟಿನ ಒಂದು ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಬ್ಯಾಟರಿಗೆ ಇಪ್ಪತ್ತೈದು ಮೂವತ್ತು ಆಂಪಿಯರ್-ಅವರ್ ತುಂಬಿದರೆ ಹೆಚ್ಚು. ನೂರು ಆಂಪಿಯರ್-ಅವರ್ ಅಂತ ಬರೆದಿರುವ ಆಸಿಡ್ ಬ್ಯಾಟರಿಯಲ್ಲಿ ಖರ್ಚು ಮಾಡಬಹುದಾದದ್ದು ಅರ್ಧ. ಅದಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಒಳಗಿನ ಸೀಸದ ಪ್ಲೇಟುಗಳು ಬೇಗ ಹಾಳಾಗುತ್ತವೆ. ಸಂಬಳ ಇಪ್ಪತ್ತು ಸಾವಿರ, ಮುಟ್ಟಬಹುದಾದದ್ದು ಹತ್ತು ಸಾವಿರ ಅಂದ ಹಾಗೆ.

2019ರ ಜನವರಿಯಲ್ಲಿ ಒಂದು ಹಳೆಯ ಹಾಯಿದೋಣಿಯನ್ನು ಪಣಜಿಯಿಂದ ಕಾರವಾರಕ್ಕೆ ಒಯ್ಯಬೇಕಿತ್ತು. ದೂರ ಸುಮಾರು ನಲವತ್ತೈದು ನಾಟಿಕಲ್ ಮೈಲಿ. ದೋಣಿಯ ಯಜಮಾನರು ಮತ್ತು ನಾನು, ಇಬ್ಬರೇ. ನೂರು ಆಂಪಿಯರ್-ಅವರಿನ ಎರಡು ನೀರು ಹಾಕುವ ಬ್ಯಾಟರಿ, ಹಿಂಭಾಗದಲ್ಲಿ ನೂರು ವ್ಯಾಟಿನ ಎರಡು ಪ್ಯಾನೆಲ್, ಎಲ್ಲ ನಾನೇ ಜೋಡಿಸಿದ್ದು. ಎಂಜಿನ್ ಸ್ಟಾರ್ಟ್ ಮಾಡಲು ಬೇರೆಯೇ ಒಂದು ಬ್ಯಾಟರಿ. ಇವೆರಡನ್ನೂ ಬೇರೆ ಮಾಡುವ ಒಂದು ಸ್ವಿಚ್ಚು: ಒಂದು, ಎರಡು, ಎರಡೂ.

ಮಧ್ಯಾಹ್ನ ವಾಯುವ್ಯದ ಗಾಳಿ ಎದ್ದಿತು. ದಕ್ಷಿಣಕ್ಕೆ ಹೊರಟಿದ್ದೆವು, ಹಾಯಿ ಎಡಕ್ಕೆ ಚಾಚಿಕೊಂಡಿತ್ತು, ಸೂರ್ಯ ಬಲಕ್ಕೆ ವಾಲುತ್ತಿದ್ದ. ಹಾಯಿಯ ನೆರಳು ಎಡಗಡೆ ಪ್ಯಾನೆಲ್ಲಿನ ಕಾಲು ಭಾಗದ ಮೇಲೆ ಬಿದ್ದಿತ್ತು. ಕಾಲು ಭಾಗ ತಾನೇ ಅಂದುಕೊಂಡೆ. ಆದರೆ ಪ್ಯಾನೆಲ್ಲಿನ ಕೋಶಗಳು ಒಂದರ ಹಿಂದೆ ಒಂದು ಸರಪಳಿಯಾಗಿರುತ್ತವೆ. ಭದ್ರಾ ನಾಲೆಯ ಮಧ್ಯದಲ್ಲೆಲ್ಲೋ ಹೂಳು ಕಟ್ಟಿದರೆ ಕೊನೆ ಭಾಗದ ನಮ್ಮ ಹರಿಹರದ ಗದ್ದೆಗೆ ನೀರು ಬಾರದ ಹಾಗೆ, ನಾಲ್ಕು ಕೋಶಕ್ಕೆ ನೆರಳಾದರೆ ಬಿಸಿಲಿನಲ್ಲಿರುವ ಉಳಿದವೂ ಸೊರಗುತ್ತವೆ. ಒಂದು ಪ್ಯಾನೆಲ್ ಹೆಚ್ಚುಕಮ್ಮಿ ಸತ್ತೇಹೋಗಿತ್ತು.

ನಾಲ್ಕು ಗಂಟೆಗೆ ಮೀಟರ್ ಇಟ್ಟೆ. 13.6 ತೋರಿಸಿತು. "ಫುಲ್ ಇದೆ ಸರ್" ಅಂದೆ. ಅದು ಬಲಗಡೆ ಪ್ಯಾನೆಲ್ ಇನ್ನೂ ಚಾರ್ಜು ತುಂಬುತ್ತಿರುವಾಗಿನ ವೋಲ್ಟು. ಅಪ್ಪನಾಗಿದ್ದರೆ ಪ್ಯಾನೆಲ್ ಬಿಚ್ಚಿ, ಫ್ರಿಜ್ಜು ಆರಿಸಿ, ಎರಡು ತಾಸು ಕಾದು ನೋಡುತ್ತಿದ್ದ, ಆಗ 12.2ರ ಹತ್ತಿರ, ಅಂದರೆ ಅರ್ಧ, ಕಾಣುತ್ತಿತ್ತೇನೋ. ನನ್ನ ಮಾತು ನಂಬಿ ಯಜಮಾನರು ಫ್ರಿಜ್ಜು ಓಡಲು ಬಿಟ್ಟರು, ಆಟೊಪೈಲಟ್ಟನ್ನೂ ಹಾಕಿದರು. ಕಂಬದ ತುದಿಯ ದೀಪ ಹಳೆಯ 25 ವ್ಯಾಟಿನ ಬಲ್ಬು, ಅದೊಂದೇ ಎರಡು ಆಂಪಿಯರ್ ತಿನ್ನುತ್ತದೆ.

ಸಂಜೆ ಗಾಳಿ ಬಿತ್ತು. ರಾತ್ರಿ ಮೂರರ ಹೊತ್ತಿಗೆ ಇನ್ನೂ ಕಾಬೊ ದ ರಾಮ ಭೂಶಿರದ ಆಚೆಗಿದ್ದೆವು. ಮೊದಲು ಆಟೊಪೈಲಟ್ ಕುಂಯ್‌ಗುಟ್ಟಿ ಬಿಟ್ಟುಕೊಟ್ಟಿತು. ಜಿಪಿಎಸ್ ಪರದೆ ಎರಡು ಸಲ ಮಿನುಗಿ ಆರಿತು. ಮೇಲೆ ನೋಡಿದರೆ ಕಂಬದ ದೀಪ ಬೀಡಿ ತುದಿಯಷ್ಟು ಕೆಂಪಗಾಗಿತ್ತು. ಎಂಜಿನ್ ಕೀಲಿ ತಿರುಗಿಸಿದೆ. ಟಿಕ್ ಅಂದಿತು, ಅಷ್ಟೇ. ಟಾರ್ಚು ಹಾಕಿ ನೋಡಿದರೆ ಸ್ವಿಚ್ಚು 'ಎರಡೂ' ಮೇಲೆ ನಿಂತಿತ್ತು. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವಾಗ ನಾನೇ ತಿರುಗಿಸಿ ಮರೆತದ್ದು.

ದೋಣಿಗೆ ಏನೂ ಆಗಿರಲಿಲ್ಲ. ದಂಡೆಯ ಗಾಳಿಗೆ ಹಾಯಿ ತುಂಬಿ ಅದರ ಪಾಡಿಗೆ ಅದು ಹೋಗುತ್ತಿತ್ತು. ಆಗ ಹೊಳೆಯಿತು: ಈ ದೀಪಗಳಿಂದ ನಮಗೆ ಏನೂ ಕಾಣುವುದಿಲ್ಲ, ಅವು ಇರುವುದು ಇನ್ನೊಬ್ಬರಿಗೆ ನಾವು ಕಾಣಲಿಕ್ಕೆ. ಎದುರಿಗೆ ಮೀನುಗಾರಿಕೆಯ ಟ್ರಾಲರುಗಳ ಸಾಲು, ಜಾತ್ರೆಯ ಬೀದಿಯಂತೆ. ಅವುಗಳಲ್ಲಿ ಒಂದು ನಮ್ಮ ಕಡೆಗೇ ಬರುತ್ತಿತ್ತು. ಬಲೆ ಎಳೆಯುವ ಗದ್ದಲದಲ್ಲಿ ನಮ್ಮ ಕೂಗು ಅವರಿಗೆ ಎಲ್ಲಿ ಕೇಳಬೇಕು! ಯಜಮಾನರು ನನ್ನ ಕೈಯಿಂದ ಟಾರ್ಚು ಕಸಿದು ಅವರ ಮುಖಕ್ಕೆ ಹಿಡಿಯಲಿಲ್ಲ, ನಮ್ಮದೇ ಹಾಯಿಗೆ ಹಿಡಿದರು. ಕತ್ತಲೆಯಲ್ಲಿ ಇಡೀ ಬಿಳಿ ಹಾಯಿ ಸಿನೆಮಾ ಪರದೆಯಂತೆ ಎದ್ದು ನಿಂತಿತು. ಟ್ರಾಲರ್ ಹೊರಳಿತು. ಎಷ್ಟು ಹತ್ತಿರದಲ್ಲಿ ಎಂದರೆ, ಡೀಸೆಲ್ ವಾಸನೆ ಮೂಗಿಗೆ ಬಂತು, ಯಾರೋ ಕೊಂಕಣಿಯಲ್ಲಿ ಬೈದದ್ದು ಸ್ಪಷ್ಟವಾಗಿ ಕೇಳಿಸಿತು.

ಬೆಳಗಾಗುವವರೆಗೆ ಸರದಿಯ ಮೇಲೆ ಚುಕ್ಕಾಣಿ ಹಿಡಿದೆವು. ಯಜಮಾನರು ಬೈಯಲಿಲ್ಲ, ರಾಬಿನ್ ನಾಕ್ಸ್-ಜಾನ್‌ಸ್ಟನ್ ಕಥೆ ಹೇಳಿದರು. 1968-69ರಲ್ಲಿ ಒಬ್ಬನೇ, ಎಲ್ಲೂ ನಿಲ್ಲದೆ, 312 ದಿನಗಳಲ್ಲಿ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗ ಆತ. ಅವನ 'ಸುಹೈಲಿ' ನಮ್ಮ ಮುಂಬಯಿಯಲ್ಲಿ ಕಟ್ಟಿದ ತೇಗದ ದೋಣಿ. ದಾರಿಯಲ್ಲಿ ರೇಡಿಯೊ ಕೆಟ್ಟು ತಿಂಗಳುಗಟ್ಟಲೆ ಅವನು ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆ ಓಟದ ನೆನಪಿಗೆ ಈಗ ನಡೆಯುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲೂ ಜಿಪಿಎಸ್ ನೋಡಿ ದಾರಿ ಹಿಡಿಯುವಂತಿಲ್ಲ, ನಕ್ಷತ್ರ ನೋಡಬೇಕು. ನಮ್ಮ ಅಭಿಲಾಷ್ ಟಾಮಿ 2023ರಲ್ಲಿ ಅದರಲ್ಲಿ ಎರಡನೆಯವರಾಗಿ ಬಂದರು ಎಂದು ಓದಿದಾಗ ನನಗೆ ಈ ರಾತ್ರಿಯೇ ನೆನಪಾಯಿತು. ಆದರೆ ಅವರೆಲ್ಲ ಇಲ್ಲದೆಯೂ ನಡೆಸಬಲ್ಲವರು. ನಾನು, ಇದೆ ಅಂತ ಸುಳ್ಳು ಹೇಳಿದವನು.

ಕಾರವಾರ ಹತ್ತಿರವಾಗಿ ಮೊಬೈಲಿಗೆ ಸಿಗ್ನಲ್ ಬಂದೊಡನೆ, ಯಾಕೋ, ಅಪ್ಪನಿಗೆ ಫೋನ್ ಮಾಡಿದೆ. ಅಂಗಡಿ ಮುಚ್ಚಿ ಆಗ ಮೂರು ವರ್ಷ ಆಗಿತ್ತು. ಎಲ್ಲ ಕೇಳಿಸಿಕೊಂಡ.

"ಎಷ್ಟೊತ್ತು ಬಿಟ್ಟು ನೋಡಿದ್ಯಪ?"

ನಾನು ಮಾತಾಡಲಿಲ್ಲ.

"ಮುಚ್ಚಳ ಐತೇನು ಅದಕ್ಕೆ, ಸೀಲ್ಡೋ?"

"ಐತಪ್ಪ. ನೀರು ಹಾಕೋದೇ."

"ಹಂಗಾರೆ ಊರಿಗೆ ಬಂದಾಗ ಹೈಡ್ರೋಮೀಟರ್ ತಗೊಂಡ್ ಹೋಗು. ಇಲ್ಲಿ ಸುಮ್ನೆ ಬಿದ್ದೈತಿ."

ಯುಗಾದಿಗೆ ಹೋದಾಗ ತಂದೆ. ಗಾಜು ಒಡೆಯದಿರಲೆಂದು ತನ್ನದೊಂದು ಹಳೆಯ ಅಂಗಿಯಲ್ಲಿ ಸುತ್ತಿ ಕೊಟ್ಟಿದ್ದ. ಈಗ ಹೊಸ ದೋಣಿಗಳಿಗೆಲ್ಲ ಲಿಥಿಯಂ ಬ್ಯಾಟರಿ. ಒಳಹೋದ ಹೊರಹೋದ ಒಂದೊಂದು ಆಂಪಿಯರನ್ನೂ ಲೆಕ್ಕವಿಟ್ಟು ಫೋನಿನಲ್ಲೇ ತೋರಿಸುತ್ತವೆ, ಬಿಚ್ಚಲು ಮುಚ್ಚಳವೇ ಇಲ್ಲ. ಈ ಹಳೆಯ ದೋಣಿಯೊಂದು ಉಳಿದಿದೆ. ದೀಪಕ್ಕೆ ಎಲ್‌ಇಡಿ ಹಾಕಿದ್ದೇನೆ, ಆ ಸ್ವಿಚ್ಚಿನ ಪಕ್ಕ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದೇನೆ. ಅದು ಹೊರಡುವ ಹಿಂದಿನ ಸಂಜೆ ಪ್ಯಾನೆಲ್ ಬಿಚ್ಚಿಟ್ಟು, ದಂಡೆಯ ಮೇಲೆ ಎರಡು ತಾಸು ಕೂತು, ಆಮೇಲೆ ಒಂದೊಂದೇ ಮುಚ್ಚಳ ತೆಗೆಯುತ್ತೇನೆ. ಯಜಮಾನರು ಚಹಾ ತರಿಸುತ್ತಾರೆ.