ಅತ್ತಿಯ ಕೋರಂ

ವಿಜಯಪುರ ಬಸ್ ಸ್ಟ್ಯಾಂಡಿನಲ್ಲಿ "ಹಿಪ್ಪರಗಿ ಬಸ್ ಯಾವಾಗ ಐತ್ರಿ?" ಅಂತ ಕೇಳಿ ನೋಡಿ. ಎದುರಿನವರು ಮರುಪ್ರಶ್ನೆ ಹಾಕ್ತಾರೆ: "ಯಾವ ಹಿಪ್ಪರಗಿರೀ? ದೇವರದೋ, ಹೂವಿಂದೋ?"

ನಮ್ಮದು ಹೂವಿಂದು. ಒಂದು ಕಾಲಕ್ಕೆ ನಮ್ಮೂರ ಹೆಸರಲ್ಲೇ ವಿಧಾನಸಭಾ ಕ್ಷೇತ್ರ ಇತ್ತು. ಕ್ಷೇತ್ರ ಪುನರ್ವಿಂಗಡಣೆ ಆದಮೇಲೆ 2008ರ ಚುನಾವಣೆಗೆ ಹೂವಿನ ಹಿಪ್ಪರಗಿ ಅನ್ನೋ ಹೆಸರು ಪಟ್ಟಿಯಿಂದ ಹೋಯ್ತು, ದೇವರ ಹಿಪ್ಪರಗಿ ಬಂತು. "ಹೂವು ದೇವರ ಪಾಲಾತು" ಅಂತ ಅಪ್ಪ ಈಗಲೂ ನಗ್ತಾರೆ.

ಈ 'ಪುನರ್ವಿಂಗಡಣೆ' ಎಂಬ ಪದ ನಮ್ಮ ಮನೆಗೆ ಮತ್ತೆ ಬಂದದ್ದು 2023ರ ಗಣಪತಿ ಹಬ್ಬದ ವಾರ. ಲ್ಯಾಪ್‌ಟಾಪ್ ಹೊತ್ತುಕೊಂಡು ಬೆಂಗಳೂರಿಂದ ಊರಿಗೆ ಬಂದಿದ್ದೆ. ಅತ್ತಿಯೂ ಬಂದಿದ್ದಳು. ಅತ್ತಿ ಅಂದರೆ ಅಪ್ಪನ ಅಕ್ಕ, ಹತ್ತಿರದ ಒಂದು ಸಣ್ಣ ಹಳ್ಳಿಗೆ ಕೊಟ್ಟ ಹೆಣ್ಣು. ಸೆಪ್ಟೆಂಬರ್ 20ರ ಸಂಜೆ ಟಿವಿಯಲ್ಲಿ ಒಂದೇ ಸುದ್ದಿ. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸೀಟು ಕೊಡುವ ಮಸೂದೆ ಲೋಕಸಭೆಯಲ್ಲಿ ಪಾಸಾಗಿತ್ತು. ಪರ 454, ವಿರೋಧ 2.

"ಹಂಗಾರ ಬರೂ ಇಲೆಕ್ಷನ್ದಾಗ ಹೆಣ್ಮಕ್ಕಳಿಗೆ ಸೀಟು ಸಿಗ್ತಾವೇನವಾ?"

"ಇಲ್ಲತ್ತಿ. ಮೊದಲ ಜನಗಣತಿ ಆಗಬೇಕು. ಆಮ್ಯಾಲ ಕ್ಷೇತ್ರ ಪುನರ್ವಿಂಗಡಣೆ ಆಗಬೇಕು. ಆಮ್ಯಾಲ."

ಅತ್ತಿ ನನ್ನ ಮುಖ ನೋಡಿದಳು. 2021ರಲ್ಲಿ ಮುಗಿಯಬೇಕಿದ್ದ ಜನಗಣತಿ ಆ ಹೊತ್ತಿಗೆ ಶುರುವೇ ಆಗಿರಲಿಲ್ಲ.

ನಮ್ಮ ಕಡೆಯವರಿಗೆ ಈ ಮಸೂದೆ ಹೊರಗಿನದಲ್ಲ. ಅದನ್ನು ಮೊದಲು ಸಂಸತ್ತಿಗೆ ತಂದದ್ದು ನಮ್ಮ ದೇವೇಗೌಡರ ಸರ್ಕಾರ, 1996ರ ಸೆಪ್ಟೆಂಬರ್ 12ರಂದು. ಹಲವು ಪಕ್ಷಗಳ ಸರ್ಕಾರ ಅದು, ಒಳಗೇ ಒಪ್ಪಿಗೆ ಇರಲಿಲ್ಲ. ಗೀತಾ ಮುಖರ್ಜಿ ನೇತೃತ್ವದ ಜಂಟಿ ಸಮಿತಿ ಡಿಸೆಂಬರಿನಲ್ಲೇ ವರದಿ ಕೊಟ್ಟರೂ ಮಸೂದೆ ಮುಂದೆ ಸಾಗಲಿಲ್ಲ. ವಾಜಪೇಯಿ ಸರ್ಕಾರ ಮತ್ತೆ ತಂದಾಗ, 1998ರಲ್ಲಿ, ಸಂಸದರೊಬ್ಬರು ಪ್ರತಿ ಕಸಿದು ಸದನದಲ್ಲೇ ಹರಿದು ಹಾಕಿದರು. ಪ್ರತಿ ಸಲ ಲೋಕಸಭೆ ವಿಸರ್ಜನೆ ಆದಾಗ ಮಸೂದೆಯೂ ಸತ್ತಿತು. 2010ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ರಾಜ್ಯಸಭೆಯಲ್ಲಿ ಗದ್ದಲವೋ ಗದ್ದಲ. ಮರುದಿನ ಏಳು ಸದಸ್ಯರನ್ನು ಅಮಾನತು ಮಾಡಿ, ಮಾರ್ಷಲ್‌ಗಳ ಕೈಲಿ ಹೊರಗೆ ಕಳಿಸಿ ಮತಕ್ಕೆ ಹಾಕಿದರು. 186–1ರಲ್ಲಿ ಗೆದ್ದಿತು. ಆಮೇಲೆ ಲೋಕಸಭೆಯಲ್ಲಿ ನಾಲ್ಕು ವರ್ಷ ಚರ್ಚೆಗೂ ಬರದೆ, 2014ರಲ್ಲಿ ಮತ್ತೆ ಸತ್ತಿತು.

ವಿರೋಧಿಸಿದವರದ್ದು ಒಂದು ತಕರಾರು: ಹಿಂದುಳಿದ ವರ್ಗದ ಹೆಣ್ಣುಮಕ್ಕಳಿಗೆ ಒಳಮೀಸಲು ಇಲ್ಲದಿದ್ದರೆ ಸೀಟೆಲ್ಲ ಮೇಲಿನವರ ಪಾಲಾಗುತ್ತದೆ. ಮಾತು ಸುಳ್ಳಲ್ಲ. ಆದರೆ ಅದಕ್ಕೆ ಉತ್ತರ ನಮ್ಮ ಮನೆಯಲ್ಲೇ ಟಿವಿ ನೋಡುತ್ತ ಕೂತಿತ್ತು. ರಾಜ್ಯಸಭೆಯಲ್ಲಿ ಆ ಗದ್ದಲ ನಡೆದ ಎರಡೇ ತಿಂಗಳಿಗೆ, 2010ರ ಮೇನಲ್ಲಿ, ನಮ್ಮ ಅತ್ತಿ ಗ್ರಾಮ ಪಂಚಾಯ್ತಿಗೆ ಗೆದ್ದಿದ್ದಳು. ಸೀಟು: 'ಹಿಂದುಳಿದ ವರ್ಗ ಅ, ಮಹಿಳೆ'.

ದಿಲ್ಲಿ ಒದ್ದಾಡುತ್ತಿದ್ದುದನ್ನು ಕರ್ನಾಟಕ ಹಳ್ಳಿ ಮಟ್ಟದಲ್ಲಿ ಮೊದಲೇ ಮಾಡಿ ಮುಗಿಸಿತ್ತು. ರಾಮಕೃಷ್ಣ ಹೆಗಡೆ ಕಾಲದಲ್ಲಿ ಅಬ್ದುಲ್ ನಜೀರ್ ಸಾಬ್ ತಂದ ಪಂಚಾಯತ್ ಕಾಯ್ದೆಯಿಂದಾಗಿ 1987ರ ಚುನಾವಣೆಯಲ್ಲೇ ಶೇ. 25 ಸೀಟು ಮಹಿಳೆಯರಿಗಿತ್ತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ಮೂರನೇ ಒಂದು ಭಾಗ ಮಾಡಿತು. 2010ರ ಹೊತ್ತಿಗೆ ನಮ್ಮಲ್ಲಿ ಅರ್ಧಕ್ಕೇರಿತು.

ಅತ್ತಿ ಗೆದ್ದ ಕೂಡಲೇ ಆಡಳಿತ ನಡೆಸಿದಳು ಅಂತ ಸುಳ್ಳು ಹೇಳೋದಿಲ್ಲ. ಮೊದಲ ವರ್ಷ ಮಾಮಾನ ಬೈಕಿನ ಹಿಂದೆ ಕೂತು ಹೋಗೋದು, ಮಾಮಾ ಮಾತಾಡೋದು, ಇವಳು ತೋರಿಸಿದ ಕಡೆ ಸಹಿ ಹಾಕೋದು. ಎರಡನೇ ಬೇಸಿಗೆಯಲ್ಲಿ ಕುಡಿಯುವ ನೀರಿನ ಬೋರಿನ ಮೋಟಾರು ಸುಟ್ಟಿತು. ಹೊಸದಕ್ಕೆ ಠರಾವು ಆಗಬೇಕು. ಪಂಚಾಯ್ತಿಯಲ್ಲಿ ಎರಡು ಪಾರ್ಟಿ. ಮೊದಲ ಸಭೆಗೆ ಇನ್ನೊಂದು ಪಾರ್ಟಿಯವರು ಬರಲೇ ಇಲ್ಲ, ಕೋರಂ ಇಲ್ಲ ಅಂತ ಸಭೆ ಮುಂದಕ್ಕೆ ಹೋಯ್ತು. ಎರಡನೆಯದಕ್ಕೆ ಬಂದರು, ಯಾವುದೋ ಹಳೇ ಬಿಲ್ಲಿನ ಮೇಲೆ ಕೂಗಾಡಿ ಎದ್ದು ಹೋದರು. ಮೋಟಾರು ಬೇಡ ಅಂತ ಒಬ್ಬರೂ ಅನ್ನಲಿಲ್ಲ. ಬೇಕು ಅಂತ ಆಗಲೂ ಇಲ್ಲ.

ಅತ್ತಿ ಆ ಸದಸ್ಯರ ಹತ್ತಿರ ಹೋಗಲಿಲ್ಲ. ಅವರ ಮನೆ ಹೆಣ್ಣುಮಕ್ಕಳ ಹತ್ತಿರ ಹೋದಳು. ಅವರೂ ಅತ್ತಿಯ ಹಾಗೆ ತಲೆ ಮೇಲೊಂದು, ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು ಯಾರದೋ ಹೊಲದ ಬಾವಿಗೆ ಹೋಗುತ್ತಿದ್ದವರೇ. "ನಿಮ್ಮ ಮನ್ಯಾವ್ರು ಎದ್ದು ಹೋದ್ರು, ಅದಕ್ಕ ನೀವು ಇಲ್ಲಿಗೆ ಬಂದ್ರಿ" ಅಂದಳಂತೆ, ಅಷ್ಟೇ. ಮೂರನೇ ಸಭೆಗೆ ಎಲ್ಲರೂ ಬಂದರು. ಯಾರ ಮನೆಯಲ್ಲಿ ಏನು ಮಾತಾಯಿತೋ ಗೊತ್ತಿಲ್ಲ, ಠರಾವು ಮಾತ್ರ ಆಯಿತು. ಆವತ್ತಿನಿಂದ ಮಾಮಾ ಅವಳನ್ನು ಪಂಚಾಯ್ತಿ ಬಾಗಿಲಲ್ಲಿ ಬಿಟ್ಟು ಹೊರಗೆ ಚಾ ಅಂಗಡಿಯಲ್ಲಿ ಕೂತಿರುತ್ತಿದ್ದರು.

ಸಂಸತ್ತಿನ ಗದ್ದಲ ನೋಡಿದಾಗೆಲ್ಲ ನನಗೆ ಈ ಮೋಟಾರು ನೆನಪಾಗುತ್ತದೆ. ನಾವು ಗೆಳೆಯರೆಲ್ಲ ಆಫೀಸಿನ ಕೆಫೆಟೀರಿಯಾದಲ್ಲಿ ಕೂತು, ಗಲಾಟೆ ಮಾಡುವವರಿಂದಲೇ ದೇಶ ನಿಂತಿದೆ ಅಂತ ಬೈಯುತ್ತೇವೆ. ಆದರೆ 2010ರಲ್ಲಿ ಕಾಂಗ್ರೆಸ್, ಬಿಜೆಪಿ, ಎಡಪಕ್ಷ ಮೂರೂ ಮಸೂದೆಯ ಪರ ಇದ್ದವು. ಕೂಗಿದವರು ಕೆಲವರು. ಅವರ ಕೂಗು ಉಳಿದವರಿಗೆ ಅನುಕೂಲವಾಗಿತ್ತು ಅಂತ ನನ್ನ ಗುಮಾನಿ. "ನಾವು ರೆಡಿ, ಅವರು ಬಿಡ್ತಿಲ್ಲ" ಅಂದರೆ ಸಾಕು, ತಮ್ಮ ಸೀಟು ಬಿಟ್ಟುಕೊಡುವ ಪ್ರಶ್ನೆ ಬರೋದಿಲ್ಲ. ಸಭೆ ಮುರಿದರೆ ಸದಸ್ಯನ ಮನೆಯ ಕೊಡವೂ ಖಾಲಿಯಾಗುವ ಹಳ್ಳಿಯಲ್ಲಿ ಎರಡು ಸಭೆಗೆ ಗದ್ದಲ ಮುಗಿಯಿತು. ಯಾರ ಕೊಡವೂ ಖಾಲಿಯಾಗದ ದಿಲ್ಲಿಯಲ್ಲಿ ಇಪ್ಪತ್ತೇಳು ವರ್ಷ ನಡೆಯಿತು. ಮೀಸಲು ಕಡ್ಡಾಯ ಇಲ್ಲದಿದ್ದರೆ ಪಕ್ಷಗಳು ತಾವಾಗಿ ಎಷ್ಟು ಕೊಡುತ್ತವೆ ಅಂತ ತಿಳಿಯಲು ದಿಲ್ಲಿಗೂ ಹೋಗಬೇಕಿಲ್ಲ. ಅದೇ 2023ರ ಮೇನಲ್ಲಿ ನಮ್ಮ ವಿಧಾನಸಭೆಗೆ ಆಯ್ಕೆಯಾದ 224 ಶಾಸಕರಲ್ಲಿ ಮಹಿಳೆಯರು ಹತ್ತು.

ಈಗ ಗದ್ದಲವೂ ಇಲ್ಲ. ಆವತ್ತಿನ ಮರುದಿನ ರಾಜ್ಯಸಭೆಯಲ್ಲಿ 214 ಮತ, ವಿರೋಧ ಸೊನ್ನೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಕೋಡ್ ಅಪ್ರೂವ್ ಆಗಿದೆ, ರಿಲೀಸ್ ಡೇಟ್ ಮಾತ್ರ ಇಲ್ಲ. ಕೂಗಿ ತಡೆದರೆ ಯಾರು ತಡೆದರು ಅಂತಲಾದರೂ ಕಾಣುತ್ತದೆ.

ಇದನ್ನೆಲ್ಲ ಅತ್ತಿಗೆ ವಿವರಿಸೋಕೆ ಹೊರಟೆ. ಅವಳು ಅರ್ಧಕ್ಕೇ ತಡೆದಳು.

"454 ಮಂದಿ ಹೂಂ ಅಂದಾರು ಅಂತಿ. ಮತ್ತ ತಡಿಯಾವ್ರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಜನಗಣತಿ ಅನ್ನಲಾ, ಪುನರ್ವಿಂಗಡಣೆ ಅನ್ನಲಾ?

"ಪುನರ್ವಿಂಗಡಣೆ ಅಂದ್ರ, ಹೋದ ಸಲ ನಿಮ್ಮ ಹಿಪ್ಪರಗಿ ಹೋತಲ್ಲ, ಅದಽ ಹೌದಲ್ಲೋ?" ಅಂದಳು ಅತ್ತಿ.

ಅಷ್ಟರಲ್ಲಿ ಅವ್ವ ಹಿತ್ತಲಿಂದ ಕೂಗಿದಳು, ನಳಕ್ಕೆ ನೀರು ಬಂದಾವ ಅಂತ. ಅತ್ತಿ ಟಿವಿ ಆರಿಸಿ ಎದ್ದಳು. ನಾನೂ ಲ್ಯಾಪ್‌ಟಾಪ್ ಮುಚ್ಚಿ ಒಂದು ಕೊಡ ತಗೊಂಡೆ.