ಚಿಕ್ಕಮ್ಮನ ಬಂಬು, ಐರೋಲಿಯ ಕಪ್ಪು ಪೈಪು

ಡೊಂಬಿವಲಿ ಪೂರ್ವ
ವಿಜಯದಶಮಿ ಕಳೆದ ವಾರ

ಪ್ರೀತಿಯ ಅಕ್ಕ,

ನೀರು ತುಂಬುವ ಹಬ್ಬಕ್ಕೆ ಬಚ್ಚಲ ಹಂಡೆಯನ್ನೂ ಅದರ ತಾಮ್ರದ ಪೈಪನ್ನೂ ಈ ಸಲ ಆ್ಯಸಿಡ್ ಹಾಕಿ ಬೆಳಗುತ್ತೇನೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ದಯವಿಟ್ಟು ಬೇಡ. ಈ ಕಾಗದ ಓದುವವರೆಗಾದರೂ ತಡೆ.

ಚಿಕ್ಕಮ್ಮನ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರೆ. ಅಟ್ಟ ಖಾಲಿ ಮಾಡುವಾಗ ಅವಳ ಅತ್ತೆಯ ಕಾಲದ ತಾಮ್ರದ ಬಂಬು ಕೆಳಗಿಳಿಯಿತು. ಪುಣೆಯ ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ ಮಾಡಿಸಿದ್ದಂತೆ. ಎತ್ತರದ ದುಂಡು ಪಾತ್ರೆ, ನಟ್ಟನಡುವೆ ತಳದಿಂದ ಬಾಯಿಯವರೆಗೆ ಒಂದು ದಪ್ಪ ಕೊಳವೆ, ಕೆಳಗೆ ಜಾಲರಿ. ಬೆಂಕಿ ಕೊಳವೆಯೊಳಗೆ, ನೀರು ಅದರ ಸುತ್ತ. ನಾಲ್ಕು ಕರಟ, ಒಂದಿಷ್ಟು ಕಟ್ಟಿಗೆ ಚಕ್ಕೆ ಸಾಕು, ಮನೆಮಂದಿಯ ಸ್ನಾನಕ್ಕೆ ನೀರು ಕಾಯುತ್ತದೆ. ನಮ್ಮ ಬಚ್ಚಲ ಒಲೆ ನುಂಗುವ ಸೌದೆ ನೆನೆದರೆ ಇದನ್ನು ಯೋಚಿಸಿ ಮಾಡಿದವರಿಗೆ ಕೈ ಮುಗಿಯಬೇಕು. ಮೈತುಂಬ ಸುತ್ತಿಗೆಯ ಸಣ್ಣ ಸಣ್ಣ ಪೆಟ್ಟಿನ ಗುರುತು. ಅದಕ್ಕೆ ಮಠಾರ್ ಅನ್ನುತ್ತಾರೆ. ಅಂದಕ್ಕೆ ಮಾತ್ರವಲ್ಲ, ಬಡಿದಷ್ಟೂ ತಾಮ್ರದ ತಗಡು ಗಟ್ಟಿಯಾಗುತ್ತದೆ. ಸ್ಟೀಲ್ ಜುಂಗು ಹಾಕಿ ತಿಕ್ಕಿದರೆ ಮೊದಲು ಸವೆಯುವುದೇ ಈ ಗುರುತು.

ಪಕ್ಕದ ಮನೆಯವರು ಪ್ರೀತಿಯಿಂದ ಬಾತ್‌ರೂಮ್ ತೊಳೆಯುವ ಆ್ಯಸಿಡ್ ತಂದುಕೊಟ್ಟರು. ಚಿಕ್ಕಮ್ಮ ಮುಟ್ಟಲಿಲ್ಲ. ಸುರಿದ ಗಳಿಗೆಯಲ್ಲಿ ತಾಮ್ರ ಫಳಫಳ ಹೊಳೆಯುವುದು ನಿಜ, ಆದರೆ ಬೆಸುಗೆಯ ಸಂದಿಗೆ ಇಳಿದ ಆ್ಯಸಿಡ್ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಅಲ್ಲಿಂದಲೇ ಮತ್ತೆ ಮತ್ತೆ ಹಸಿರು ಕಿಲುಬು ಏಳುತ್ತದೆ. ಹಿತ್ತಾಳೆಯ ನಲ್ಲಿಗೆ ತಾಗಿದರೆ ಅದರೊಳಗಿನ ಸತು ಕರಗಿ ಕೆಂಪು ಕಲೆ ಉಳಿಯುತ್ತದೆ. ಆ ಕಲೆಯನ್ನು ತಿಕ್ಕಿ ತೆಗೆಯಲಾಗದು, ಅಲ್ಲಿ ಲೋಹವೇ ಬಡವಾಗಿರುತ್ತದೆ.

ಬಂಬು ಬೆಳಗಿದ್ದು ಹೀಗೆ. ಮೊದಲು ನೀರು ಸೋಕಿಸದೆ ಮಸಿ ತೆಗೆದೆವು. ಹಗ್ಗದ ನಡುವೆ ಹಳೇ ಬಟ್ಟೆ ಕಟ್ಟಿ ಕೊಳವೆಯೊಳಗೆ ತೂರಿಸಿ, ಆ ತುದಿ ಅವಳು ಈ ತುದಿ ನಾನು ಎಳೆದಾಡಿದೆವು. ಆಮೇಲೆ ಬಿಸಿನೀರು, ಸೋಪಿನ ಪುಡಿ. ಜಿಡ್ಡು ಹೋಗದೆ ಹುಳಿ ಹಚ್ಚಿದರೆ ಅದು ತಾಮ್ರಕ್ಕೆ ತಾಗುವುದೇ ಇಲ್ಲ. ನೀನೂ ನಾನೂ ಪ್ರತಿ ವರ್ಷ ರಟ್ಟೆ ನೋವು ಮಾಡಿಕೊಳ್ಳುವುದು ಅರ್ಧ ಈ ಕಾರಣಕ್ಕೆ. ನಂತರ ಹುಣಸೆಹಣ್ಣಿನ ಗಟ್ಟಿ ರಸಕ್ಕೆ ಉಪ್ಪು ಬೆರೆಸಿ ಬಳಿದು ಕೆಲವು ನಿಮಿಷ ಬಿಟ್ಟೆವು. ಹುಳಿ ಕಂದು ಪದರವನ್ನು ಕರಗಿಸುತ್ತದೆ, ಉಪ್ಪು ಅದನ್ನು ಚುರುಕುಗೊಳಿಸುತ್ತದೆ. ನಲ್ಲಿಯ ಬುಡದ ಕಿಲುಬಿಗೆ ಹಲ್ಲುಜ್ಜುವ ಹಳೇ ಬ್ರಷ್. ಉಪ್ಪು ಉಳಿದರೂ ಕಿಲುಬೇ ಆದ್ದರಿಂದ ಚೆನ್ನಾಗಿ ತೊಳೆದು, ಕೊನೆಯ ನೀರಿಗೆ ಅಡುಗೆ ಸೋಡಾ ಹಾಕಿ, ಒಡನೆ ಒರೆಸಿ ಬಿಸಿಲಿಗಿಟ್ಟೆವು. ಒದ್ದೆ ಬಿಟ್ಟರೆ ಸಂಜೆಯೊಳಗೆ ಕಲೆ ಬಿದ್ದಿರುತ್ತದೆ.

ಅಲ್ಲಲ್ಲಿ ಕಪ್ಪು ಚುಕ್ಕೆ ಉಳಿಯಿತು. ಅದಕ್ಕೆ ಪೀತಾಂಬರಿ ಪುಡಿ ಬೇಕಾಯಿತು. ಈ ಪುಡಿಯ ಕಂಪನಿ ಇಲ್ಲೇ ಠಾಣೆಯದು, 1989ರಲ್ಲಿ ಶುರುವಾದದ್ದು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ದೇವರ ಕೋಣೆಯ ಗೂಡಿನಲ್ಲಿರುವ ಡಬ್ಬ ಈ ಊರಿನದು! ಜಾಂಭಳಿ ನಾಕಾದ ಪೇಟೆಗೆ ಹೋದವಳು ನಿನಗೂ ತೆಗೆದುಕೊಂಡಿದ್ದೇನೆ.

ಆ ಕಪ್ಪಿನ ಗುಟ್ಟು ತಿಳಿದದ್ದು ನವಿ ಮುಂಬಯಿಯ ಐರೋಲಿಯಲ್ಲಿ, ಚಿಕ್ಕಮ್ಮನ ಮಗನ ಮನೆಯಲ್ಲಿ. ಹಳೇ ಏಸಿ ಬಿಚ್ಚಿಸಿ ತಾಮ್ರದ ಪೈಪುಗಳನ್ನು ಸುರುಳಿ ಸುತ್ತಿಟ್ಟಿದ್ದ. ಹೊಳೆಯುವ ತಾಮ್ರಕ್ಕೆ ಗುಜರಿಯವನು ಹೆಚ್ಚು ಕೊಡುತ್ತಾನೆಂದು ಹುಣಸೆಹಣ್ಣು ತಿಕ್ಕಿ ಸೋತಿದ್ದ. ಆ ಪೈಪು ಕಾಡಿಗೆಗಪ್ಪು. ಕಿಟಕಿಯಾಚೆ ಠಾಣೆ ಖಾಡಿಯ ಕಡಲ ಹಿನ್ನೀರು, ಕಾಂಡ್ಲಾ ಕಾಡು, ಕೆಸರು. 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಗಿ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಜಾಗ ಅದು. ಹಕ್ಕಿಗಳು ಇನ್ನೂ ಬಂದಿರಲಿಲ್ಲ. ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಸಮುದ್ರದ ನೀರಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡಿ ಬಿಡುತ್ತವೆ. ಇಳಿತದ ಹೊತ್ತು ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರದೇ. ಊರಿನ ಚರಂಡಿ ನೀರು ಸೇರಿದರೆ ಇನ್ನೂ ಹೆಚ್ಚು. ಗಾಳಿಯಲ್ಲಿ ಅತ್ಯಲ್ಪ ಇದ್ದರೂ ತಾಮ್ರ ಅದನ್ನು ಹಿಡಿದು ಕಪ್ಪು ಸಲ್ಫೈಡ್ ಕಟ್ಟಿಕೊಳ್ಳುತ್ತದೆ. ಈ ಪದರ ಹುಣಸೆಹಣ್ಣಿಗೆ ಸುಲಭವಾಗಿ ಬಗ್ಗದು, ಪುಡಿ ಹಾಕಿ ಮೆಲ್ಲಗೆ ಉಜ್ಜಿಯೇ ತೆಗೆಯಬೇಕು. ಹೊಸ ಏಸಿಯ ಪೈಪನ್ನೂ ಬೆಳಗಲು ಹೊರಟಿದ್ದ, ತಡೆದೆ. ತೆಳು ಪೈಪು, ಒಳಗೆ ಭಾರೀ ಒತ್ತಡದ ಗ್ಯಾಸು. ಮರಳುಕಾಗದ ಅದರ ಹತ್ತಿರ ಸುಳಿಯಬಾರದು. ಅಡುಗೆಮನೆಯ ಗ್ಯಾಸಿನ ಪೈಪಿಗೂ ಅದೇ ಮಾತು.

ತಾಮ್ರದ ಮೇಲಿನ ಬಣ್ಣವೆಲ್ಲ ಕೊಳೆಯಲ್ಲ, ಅಕ್ಕ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಮೂರ್ತಿಗೆ ಹೊದಿಸಿದ ತಾಮ್ರದ ತಗಡು 2.4 ಮಿಲಿಮೀಟರ್ ದಪ್ಪ ಅಷ್ಟೇ. 1886ರಿಂದ ಕಡಲ ಗಾಳಿಗೆ ನಿಂತಿದೆ. ಮೈಗೆ ಹತ್ತಿದ ಹಸಿರು ಒಳಗಿನ ತಗಡನ್ನು ಕಾಯುತ್ತದೆಂದು ಅದನ್ನು ಯಾರೂ ತಿಕ್ಕುವುದಿಲ್ಲ. ನಮ್ಮ ಹಂಡೆಯ ಹೊರಮೈಯ ಕಂದೂ ಹಾಗೆಯೇ ಇದ್ದರೆ ನನಗೇನೂ ಬೇಸರವಿಲ್ಲ. ನೀರು ತಾಗುವ ಒಳಭಾಗ, ನಲ್ಲಿ, ಪೈಪಿನ ಬಾಯಿ, ಇಷ್ಟರಲ್ಲಿ ಕಿಲುಬು ಇರಕೂಡದು, ಅದು ವಿಷ.

ನಮ್ಮಲ್ಲಿ ಖಾಡಿಯಿಲ್ಲ, ಒಲೆಯ ಹೊಗೆಯ ಜಿಡ್ಡು ಮಾತ್ರ. ಬಿಸಿನೀರು, ಸೋಪು, ಆಮೇಲೆ ಹುಣಸೆಹಣ್ಣು ಸಾಕು. ಹಿತ್ತಲ ಬಿಂಬುಳಿ ಆದರೆ ಇನ್ನೂ ಒಳ್ಳೆಯದು. ಪೈಪಿನ ಬೆಸುಗೆಯ ಜಾಗ ನನಗೆ ಬಿಡು. ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಕುಮಟೆಗೆ ಇಳಿದು ಬಸ್ಸಿಗೆ ಘಟ್ಟ ಹತ್ತುತ್ತೇನೆ, ಹಬ್ಬಕ್ಕೆ ಮೊದಲೇ ಬರುತ್ತೇನೆ. ಹಂಡೆಗೆ ಕಟ್ಟಲು ಹಿಂಡ್ಲೆಕಾಯಿ ಬಳ್ಳಿ ಎಲ್ಲಿದೆಯೆಂದು ಭಾವನಿಗೆ ಈಗಲೇ ನೋಡಿಡಲು ಹೇಳು. ಬಂಬನ್ನು ಹೊಸ ಫ್ಲಾಟಿನಲ್ಲಿ ಎಲ್ಲಿಡುವುದೆಂದು ಚಿಕ್ಕಮ್ಮನಿಗೆ ಚಿಂತೆ. ನಮ್ಮಲ್ಲಿಗೆ ತಂದುಬಿಡಲೇ? ಕೇಳಿ ತಿಳಿಸು.

ನಿನ್ನ ತಂಗಿ